ಬೀಗದ ಮನೆಯ ಮುಂದೆ ಹೆಳವ

"ಕೇಳಿರಪ್ಪಾ ಸೋನೆಗಿರಿಯ ಜನಗಳೇ! ಅರಸುಮಗಳಿಗೆ ನಿದ್ದೆಜ್ವರ. ಅದರ ಮದ್ದು ಯಾರೋ ವಿಜ್ಞಾನಿಯ ಪ್ರಬಂಧದಲ್ಲಿದೆಯಂತೆ, ಪ್ರಬಂಧ ಅಂತರಜಾಲದಲ್ಲಿದೆಯಂತೆ. ಅರಸರ ಮೂರು ಒಗಟು ಬಿಡಿಸಿ ಅದನ್ನು ತಂದವರು ಬೇಡಿದ್ದು ಪಡೆಯುತ್ತಾರೆ. ತಪ್ಪಿದವರ ತಲೆ ನಾಳೆ ಸೂರ್ಯೋದಯಕ್ಕೆ ಉರುಳುತ್ತದೆ!"

ಡಂಗುರ ಕೇಳಿ ಹೆಳವರ ಸಂಗಯ್ಯ ಎತ್ತು ನಿಲ್ಲಿಸಿದ. ಮನೆಮನೆಯ ಮುಂದೆ ವಂಶಾವಳಿ ಹೇಳಿ ಕಾಳು ಪಡೆಯುವುದು ಅವನ ಕಸುಬು. ಅವನ ತಂಗಿ ನೀಲವ್ವನಿಗೂ ಅದೇ ಜ್ವರ, ಇಂದಿಗೆ ಎಂಟು ದಿನ. ಈ ಜ್ವರ ಬಂದವರಲ್ಲಿ ಹತ್ತನೆಯ ದಿನ ಕಂಡವರು ಯಾರೂ ಇರಲಿಲ್ಲ. "ಶಿವನೇ, ನೀನೇ ಗತಿ" ಎಂದು ಅರಮನೆ ಹೊಕ್ಕ.

ಅರಸನ ಕಣ್ಣು ಅತ್ತು ಊದಿತ್ತು. ಮೊದಲ ಒಗಟು ಇಟ್ಟ. "ನಿದ್ದೆಜ್ವರ ಎಂದು ಕೂಗಿದರೆ ಜಾಲದಿಂದ ಲಕ್ಷ ಮಂದಿ ಓಡಿಬರುತ್ತಾರೆ. ಬೇಕಾದವನು ತಿರುಗಿಯೂ ನೋಡುವುದಿಲ್ಲ. ಯಾಕೆ?"

"ಕಿವುಡನಿರಬೇಕು, ಪ್ರಭು," ಎಂದ ಒಬ್ಬ ಪಂಡಿತ. ಭಟರು ಅವನನ್ನು ಎಳೆದೊಯ್ದರು. "ಇನ್ನೂ ಗಟ್ಟಿಯಾಗಿ ಕೂಗಬೇಕು," ಎಂದ ಮತ್ತೊಬ್ಬ. ಅವನನ್ನೂ ಎಳೆದೊಯ್ದರು.

ಮಂತ್ರಿ ನಕ್ಕ. "ಏನೋ ಹೆಳವ, ಕಾಳಿಗೆ ಬಂದೆಯೋ, ಸಾಯಲಿಕ್ಕೆ ಬಂದೆಯೋ?"

ಸಂಗಯ್ಯ ಕೈಮುಗಿದ. "ಬುದ್ಧೀ, ಊರವರು ಕರೆಯುವ ಹೆಸರು ಬೇರೆ, ತೊಟ್ಟಿಲಲ್ಲಿಟ್ಟ ಹೆಸರು ಬೇರೆ. ಈ ರೋಗಕ್ಕೆ ವೈದ್ಯಶಾಸ್ತ್ರ ಇಟ್ಟ ಹೆಸರು ಹಿಡಿದು ಕೂಗಿಸಿ."

ಕರಣಿಕ ಅರಮನೆಯ ವೈದ್ಯರನ್ನು ಕೇಳಿ ಗಣಕದಲ್ಲಿ ಆ ಹೆಸರು ಒತ್ತಿದ. ಲಕ್ಷ ಹೋಗಿ ನಲವತ್ತು ಪ್ರಬಂಧ ಉಳಿದವು.

"ನಲವತ್ತೂ ಮಂದಿ ನಾನೇ ಬಲ್ಲವ ಎನ್ನುತ್ತಾರೆ. ಯಾರನ್ನು ನಂಬಲಿ?" ಎಂದು ಅರಸ ಎರಡನೆಯ ಒಗಟು ಇಟ್ಟ.

"ಯಾರನ್ನೂ ಬೇಡ ಬುದ್ಧೀ. ನಿಮ್ಮ ಹಿರಿಯರು ಯಾರು ಎಂದು ಕೇಳಿ. ಪ್ರಬಂಧದ ಕೊನೆಗೆ ಬರೆದಿರುತ್ತಾರಂತಲ್ಲ? ಎಲ್ಲರೂ ಹೆಸರಿಸುವ ಹಿರಿಯ ಒಬ್ಬನಿರುತ್ತಾನೆ."

ಒಬ್ಬನಿದ್ದ. ಆದರೆ ಅವನ ಪ್ರಬಂಧದ ಮೊದಲ ನಾಲ್ಕು ಸಾಲಷ್ಟೇ ಕಂಡವು, ಮಿಕ್ಕಿದ್ದಕ್ಕೆ ಬೀಗ.

ಅರಸ ಮೂರನೆಯ ಒಗಟು ಇಟ್ಟ. "ಮುಖ ಕಿಟಕಿಯಲ್ಲಿದೆ, ಬಾಗಿಲಿಗೆ ಬೀಗ. ಬೀಗ ಹಾಕಿದ ಪ್ರಕಾಶಕ ಹೊನ್ನಿಗೂ ಬಗ್ಗಲೊಲ್ಲ. ಒಡೆದರೆ ಕಳವು. ಒಳಗೆ ಹೋಗುವುದು ಹೇಗೆ?"

"ಬೀಗದವನಿಗೇಕೆ ಕೈಮುಗಿಯುತ್ತೀರಿ? ಬೀಗ ಹಾಕಿದ ಮನೆ ಕಂಡರೆ ನಾವು ಹೊರಗೆ ನಿಂತು ಯಜಮಾನನನ್ನೇ ಹೆಸರು ಹಿಡಿದು ಕರೆಯುತ್ತೇವೆ. ಬರೆದವನಿಗೇ ಓಲೆ ಕಳಿಸಿ."

ಜಾಲದಲ್ಲಿ ಓಲೆ ಹೋಯಿತು. ಉತ್ತರವಿಲ್ಲ. ಕತ್ತಲಾಯಿತು. ಸಂಗಯ್ಯನನ್ನೂ ಪಂಡಿತರ ಜೊತೆ ಸೆರೆಗೆ ತಳ್ಳಿದರು. ತಂಗಿಯ ಬಾಯಿಗೆ ನೀರು ಬಿಡುವವರಿಲ್ಲ ಎಂದು ನೆನೆದು ಅವನು ಕಂಬಕ್ಕೆ ಹಣೆಯಿಟ್ಟು ಅತ್ತ. ಪೂರ್ವ ಕೆಂಪಾಯಿತು. ತಲೆ ಕಡಿಯಲು ಕೊರಳಿಗೆ ಸುಣ್ಣದ ಗೆರೆ ಎಳೆದರು.

ಆಗ ಕರಣಿಕ ಓಡಿಬಂದ. "ಬಂತು! 'ಹನ್ನೆರಡು ವರ್ಷದಿಂದ ಯಾರೂ ಕೇಳಿರಲಿಲ್ಲ, ದಯಮಾಡಿ ತೆಗೆದುಕೊಳ್ಳಿ' ಎಂದು ಇಡೀ ಪ್ರಬಂಧ ಕಳಿಸಿದ್ದಾರೆ!"

ಅದರಲ್ಲಿ ಹೇಳಿದಂತೆ ಕಷಾಯ ಕಾಯಿತು. ಅರಸುಮಗಳು ಕಣ್ಣು ತೆರೆದಳು.

"ಅರ್ಧ ರಾಜ್ಯ ಕೊಡಲೇ ಅಪ್ಪಾ?" ಎಂದು ಅರಸ ಸಂಗಯ್ಯನನ್ನು ಕೇಳಿದ.

"ಆ ಇಬ್ಬರು ಪಂಡಿತರ ತಲೆ ಬಿಡಿ ಬುದ್ಧೀ. ನನಗೊಂದು ಲೋಟ ಕಷಾಯ ಕೊಡಿ."

ಲೋಟ ತುಳುಕದಂತೆ ಎದೆಗೊತ್ತಿಕೊಂಡು ಮನೆ ಮುಟ್ಟಿದ. ಹನಿಹನಿಯಾಗಿ ಕುಡಿಸಿದ. ಹೊತ್ತು ಮೇಲೇರುವಾಗ ನೀಲವ್ವನ ರೆಪ್ಪೆ ಅಲುಗಿತು.

"ಅಣ್ಣಾ, ಎತ್ತಿಗೆ ನೀರು ಕುಡಿಸಿದೆಯಾ?"