ನಾಲ್ಕು ಬೆರಳು ತಗ್ಗಿದ ಕಾರು

ಬನ್ನಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂಡ್ರಿ. ಬಾಯಲ್ಲಿನ ಎಲೆ-ಅಡಿಕೆ ರಸ ಬಿಡುವುದರೊಳಗೆ ಮುಗಿಯುವ ಕಥೆ ಇದು. ನಡುವೆ ಎದ್ದು ಹೋಗಬಾರದು, ಅಷ್ಟೇ.

ಭೀಮಾ ನದಿಯ ದಂಡೆಗೆ, ಒಂದು ಬೇವಿನ ಗಿಡದ ಬುಡಕ್ಕೆ, ಖಾಸೀಂಸಾಬ ಅಂತ ಒಬ್ಬ ಉಸ್ತಾದ ಇದ್ದ. ಕಾರು ರಿಪೇರಿಯೇ ಅವನ ತಪಸ್ಸು. ಅವನ ಕೈಕೆಳಗೆ ಏಳು ವರ್ಷ ಕಲಿತವನು ಭೀಮಶಾ.

ಒಂದು ಮುಂಜಾನೆ ನರ್ಸಬಾಯಿ ನೀಲಗಂಗಮ್ಮ ಬಂದಳು. ಜೀಪಿನಂಥ ಎತ್ತರದ ಕಾರು ತಾನೇ ಓಡಿಸಿಕೊಂಡು, ಊರೂರು ತಿರುಗಿ ಬಸುರಿ-ಬಾಣಂತಿಯರನ್ನು ನೋಡುವವಳು. ಮೈ ತುಂಬಿದ ಹೆಂಗಸು, ಮೊಣಕಾಲು ಸೋತಿದ್ದವು.

“ಇದನ್ನ ಹತ್ತೋದಂದ್ರ ಗುಡ್ಡ ಹತ್ತಿದಂಗ ಆಗ್ಯಾದ. ನಾಲ್ಕು ಬೆರಳು ತಗ್ಗಿಸಿ ಕೊಡ್ರಪ್ಪ.”

ಉಸ್ತಾದ ಶಿಷ್ಯನ ಕಡೆ ತಿರುಗಿದ. “ಈ ಕೆಲಸ ನಿಂದು. ನಾ ಒಂದು ಪಾನಾ-ಸ್ಪ್ಯಾನರೂ ಮುಟ್ಟಂಗಿಲ್ಲ. ಕಾರು ಸೇತುವೆ ಮಟ ಸೀದಾ ಹೋತಂದ್ರ ನಿನ್ನ ಅಂಗಡಿ ನೀ ತೆರಿ. ಇಲ್ಲಂದ್ರ ಮತ್ತೊಂದು ವರ್ಷ ನನ್ನ ಹಂತ್ಯಾಕ ಇರು.”

ಭೀಮಶಾನ ಎದೆ ಉಬ್ಬಿತು. ಜಾಕ್ ಹಚ್ಚಿ ಕಾರನ್ನು ಎತ್ತಿದ. ಹಳೆಯ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಕೂಡಿಸಿದ. ಬೋಲ್ಟುಗಳನ್ನು ಹಲ್ಲು ಕಚ್ಚಿ ಬಿಗಿದ.

ಕಾರು ತಗ್ಗಿದರೆ ಚಕ್ರದ ದಿಕ್ಕೂ ಕದಲುತ್ತದೆ ಅಂತ ಅವನಿಗೆ ಗೊತ್ತಿತ್ತು. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು, ಎರಡನ್ನೂ ಒಂದೇ ಗೆರೆಗೆ ತಂದ. ಕೂದಲೆಳೆಯಷ್ಟೂ ಅಂತರವಿಲ್ಲ.

ಕೆಳಗಿಳಿಸಿ ಓಡಿಸಿದ. ಕಾರು ಹೆಂಡ ಕುಡಿದವರ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ!

ವಾಪಸು ತಂದು ಮತ್ತೆ ಎತ್ತಿದ, ಮತ್ತೆ ದಾರ ಹಿಡಿದ. ದಾರ ಸೀದಾ ಇತ್ತು.

“ಉಸ್ತಾದ, ದಾರ ಸೀದಾ ಅಂತದ, ಕಾರು ಸೊಟ್ಟ ಅಂತದ. ಸುಳ್ಳು ಹೇಳೋದು ಯಾವುದು?”

“ಎರಡೂ ಖರೇನೇ ಹೇಳ್ತಾವ,” ಅಂದ ಉಸ್ತಾದ, ಚಹಾ ಊದುತ್ತ.

ಭೀಮಶಾನ ತಲೆ ಗಿರ್ರೆಂದಿತು. ಎಡಗಡೆಯ ಸ್ಪ್ರಿಂಗು ಬಲಕ್ಕೆ ಹಾಕಿದ, ಬಲಗಡೆಯದು ಎಡಕ್ಕೆ. ದಾರ ಬದಲಿಸಿದ. ಟೈರಿನ ಒಳ ಅಂಚು ಆಗಲೇ ಸವೆಯತೊಡಗಿತ್ತು. ಯಾಕೆ ಅಂತ ತಿಳಿಯಲಿಲ್ಲ.

“ರಸ್ತೆನೇ ಸೊಟ್ಟ ಇರಬೇಕು, ಉಸ್ತಾದ.”

“ಹೌದಾ? ಹಂಗಾದ್ರ ರಸ್ತೆ ಬಿಚ್ಚು.”

ಮೂರನೇ ದಿನ ನೀಲಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನಪಾ, ತಗ್ಗಿದ್ದು ಕಾರೋ, ನಿನ್ನ ತಲಿಯೋ? ಅಲ್ಲಿ ಒಬ್ಬಾಕಿಗೆ ದಿನ ತುಂಬ್ಯಾವ.”

ಭೀಮಶಾ ಕೈಯಲ್ಲಿನ ದಾರ ಬಿಸಾಕಿದ. “ನನಗೇನೂ ತಿಳಿವಲ್ದು, ಉಸ್ತಾದ. ಏಳು ವರ್ಷ ಕಲಿತದ್ದೆಲ್ಲ ಸುಳ್ಳಾತೇನು?”

ಉಸ್ತಾದ ಎದ್ದು ಬಂದ. ರಿಪೇರಿ ಗುಂಡಿಯ ಮೇಲೆ ನಾಲ್ಕೂ ಚಕ್ರ ಊರಿ ನಿಂತಿದ್ದ ಕಾರಿನ ಬಾಗಿಲು ತೆರೆದ.

“ತಂಗಿ, ಒಳಗ ಕೂಡ್ರು.”

“ಎಷ್ಟೊತ್ತು?”

“ಇವನಿಗೆ ತಿಳಿಯೋ ತನಕ.”

“ಅಯ್ಯ ಶಿವನೇ, ಮೊದಲೇ ಹೇಳಿದ್ರ ಬುತ್ತಿ ಕಟ್ಕೊಂಡು ಬರ್ತಿದ್ದೆ!” ಅನ್ನುತ್ತ ಅವಳು ಸ್ಟೇರಿಂಗಿನ ಹಿಂದೆ ಕೂತಳು.

“ಅಕ್ಕಾ, ಇಳೀರಿ. ಜಾಕ್ ಹಚ್ಚಬೇಕು,” ಅಂದ ಭೀಮಶಾ.

“ನಾ ಇಳಿಯಂಗಿಲ್ಲಪ್ಪ. ನಿನ್ನ ಗುರೂನ ಕೇಳು.”

ಗುರು ನದಿ ನೋಡುತ್ತಿದ್ದ.

ಭೀಮಶಾ ಕಾರಿನ ಸುತ್ತ ಸುತ್ತಿದ. ಆಗ ನೀಲಗಂಗಮ್ಮ ಸೊಂಟ ನೋಯುತ್ತದೆ ಅಂತ ಹೊರಳಿ ಕೂತಳು. ಕಾರು ಕುಗ್ಗಿತು. ಮುಂದಿನ ಚಕ್ರ ಮೆಲ್ಲಗೆ ವಾಲಿತು.

ಅವನು ನಿಂತಲ್ಲೇ ನಿಂತ. ಅವಳನ್ನು ಇಳಿಸದೆಯೇ ದಾರ ಎಳೆದ. ಕೂದಲೆಳೆಯಷ್ಟೂ ಅಂತರ ಇಲ್ಲದಿದ್ದ ಕಡೆ ಈಗ ಕಡಲೆಕಾಳು ಹಿಡಿಸುವಷ್ಟು ಸಂದು!

“ಗಾಳಿಯಾಗ ತೂಗುವಾಗ ಸೀದಾ ಇತ್ತು,” ಅಂದ ತನಗೆ ತಾನೇ. “ಭಾರ ಹೊತ್ತಾಗ ನಾ ನೋಡೇ ಇಲ್ಲ.”

ಗುಂಡಿಗಿಳಿದ. ಚಕ್ರ ತೂಗುತ್ತಿದ್ದಾಗ ಬಿಗಿದಿದ್ದ ಬೋಲ್ಟುಗಳನ್ನೆಲ್ಲ ಸಡಿಲಿಸಿದ. ಕಾರು ಅವಳ ಭಾರಕ್ಕೆ ತನ್ನಷ್ಟಕ್ಕೆ ತಾನೇ ಕೂತಿತು. ಆಮೇಲೆ ಬಿಗಿದ, ಆಮೇಲೆ ದಾರಕ್ಕೆ ಹೊಂದಿಸಿದ.

ನೀಲಗಂಗಮ್ಮನೇ ಓಡಿಸಿದಳು. ಸೇತುವೆಯ ಹತ್ತಿರ ಚೂರು ಕೈ ಬಿಟ್ಟು ನೋಡಿದಳು. ಕಾರು ಸೀದಾ ಹೋಯಿತು, ಹಾಗೇ ದಿನ ತುಂಬಿದ್ದ ಬಸುರಿಯ ಊರಿಗೂ ಹೋಯಿತು.

ಆ ಕಾರನ್ನು ಅವಳು ಮತ್ತೆ ಹನ್ನೊಂದು ವರ್ಷ ಓಡಿಸಿ, ಕಡೆಗೆ ತಂಗಿಯ ಮಗಳಿಗೆ ಕೊಟ್ಟಳು. ಆ ಹುಡುಗಿಯೂ ನರ್ಸೇ. ಭೀಮಶಾ ನದಿಯ ಆಚೆ ದಂಡೆಗೆ ಅಂಗಡಿ ತೆರೆದು ಹೆಸರು ಮಾಡಿದ. ವಯಸ್ಸಾಗಿ ಖಾಸೀಂಸಾಬನ ಕಣ್ಣು ಮಂಜಾದವು. ಶಿಷ್ಯ ಅವನನ್ನು ತನ್ನ ಅಂಗಡಿಗೇ ಕರೆದುಕೊಂಡು ಬಂದು ಇಟ್ಟುಕೊಂಡ.

ಅಲ್ಲಿ ಒಂದು ದಿನ ಭೀಮಶಾ ಕೇಳಿಯೇ ಬಿಟ್ಟ. “ಮೂರು ದಿನ ನಾ ಒದ್ದಾಡೋದು ನೋಡ್ಕೋತ ಕುಂತ್ರಿ. ಒಂದು ಮಾತು ಹೇಳಿದ್ರ ಏನಾಗ್ತಿತ್ತು, ಉಸ್ತಾದ?”

ಖಾಸೀಂಸಾಬ ಅಂದ:

“ಕಾರು ಸರಿ ಆಗ್ತಿತ್ತು. ಅಷ್ಟೇ.”