ಕೋಲು ಕಚ್ಚಿದ ನೀರುಗಂಟಿ

"ಗುರುಗಳೇ, ಕಣ್ಣಿಗೆ ಕಾಣದ ಕೇಡೊಂದನ್ನು ನಾನೊಬ್ಬನೇ ಅರಿತಿದ್ದೇನೆ, ಊರೆಲ್ಲ ಅದು ಇಲ್ಲವೆನ್ನುತ್ತದೆ. ಆಗ ಸುಮ್ಮನಿರುವುದೇ ವಿನಯವಲ್ಲವೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿಗೆ ಗುಡ್ಡದ ಕೆರೆಯಿಂದ ಕಬ್ಬಿಣದ ಕೊಳವೆಯಲ್ಲಿ ನೀರು ಬರುತ್ತಿತ್ತು. ಅದನ್ನು ಕಾಯಲು ಒಬ್ಬ ನೀರುಗಂಟಿ ಇದ್ದನು. ಅವನು ಬಿದಿರುಕೋಲಿನ ಒಂದು ತುದಿಯನ್ನು ಕೊಳವೆಗೆ ಊರಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕೂರುತ್ತಿದ್ದನು. ನೀರು ಸಲೀಸಾಗಿ ಹರಿದರೆ ಹಲ್ಲಿಗೆ ಸಣ್ಣ ನಡುಕ, ಒಂದೇ ಸಮ. ಒಳಗೆ ಸುಣ್ಣ ಕಟ್ಟಿ ನೀರಿನ ದಾರಿ ಕಿರಿದಾದ ಕಡೆ ಆ ನಡುಕ ಮುಗ್ಗರಿಸುತ್ತಿತ್ತು. ಈ ವಿದ್ಯೆಗೆಂದೇ ಊರು ಅವನಿಗೆ ಎರಡೆಕರೆ ಉಂಬಳಿ ಕೊಟ್ಟಿತ್ತು.

ಒಂದು ಸಂಜೆ ಕುಂಬಾರಕೇರಿಯ ಮೇಲಿನ ಇಳಿಜಾರಿನಲ್ಲಿ ನಡುಕ ಮುಗ್ಗರಿಸಿತು. ಕೆಳಗೆ ಮೂವತ್ತು ಮನೆಗಳಿದ್ದವು. ಮರುದಿನ ದೊರೆ ಬರುವವನಿದ್ದನು; ಚೌಕದ ಕಾರಂಜಿ ಆಳೆತ್ತರ ಚಿಮ್ಮಲೆಂದು ಕೆರೆಯ ತೂಬನ್ನು ಪೂರ್ತಿ ತೆರೆಯಲು ಊರ ಗೌಡ ಅಪ್ಪಣೆ ಮಾಡಿದ್ದನು.

ಬೆಳಗಾಗುತ್ತಲೇ ನೀರುಗಂಟಿ ಹೋಗಿ ತೂಬಿನ ಮೇಲೆಯೇ ಕುಳಿತನು. ಅದನ್ನು ತೆರೆಸಲು ಗೌಡ ಆಳುಗಳೊಂದಿಗೆ ಬಂದನು.

"ಕೊಳವಿ ಕೀಲು ಬಿಚ್ಚಿ ನೋಡ್ರಿ ಗೌಡ್ರ. ಒಳಗ ಸುಣ್ಣ ಕಟ್ಟೈತಿ. ಪೂರ್ತಿ ತೆಗೆದ್ರ ಕೊಳವಿ ಒಡೀತೈತಿ."

"ಮೊನ್ನೆ ಗಂಗಾಪೂಜಿಗೆ ತಿಕ್ಕಿ ತೊಳದು ಅರಿಷಿಣ ಹಚ್ಚೀವಿ, ಒಂದು ಬಿರುಕು ಕಂಡಿಲ್ಲ. ಏಳ್ತೀಯೋ, ಹೊಲ ಬಿಡ್ತೀಯೋ?"

"ಹೊಲ ನಿಮ್ದು, ತಗೊಳ್ರಿ. ಹಲ್ಲು ನಂದು. ಅದಕ್ಕ ತಿಳಿದದ್ದನ್ನ ತಿಳಿದಿಲ್ಲ ಅನ್ನಾಕ ನನ್ ಕೈಲಿ ಆಗಂಗಿಲ್ಲ."

ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಗೌಡನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೀಲು ಬಿಚ್ಚಿದರೆ ಎರಡು ದಿನ ನೀರು ನಿಲ್ಲುತ್ತದೆ, ದೊರೆಯ ಮುಂದೆ ಮಾನ ಹೋಗುತ್ತದೆ. ಅವನು ಆಳುಗಳಿಗೆ ಸನ್ನೆ ಮಾಡಿದನು. ಆಳುಗಳು ಎಳೆದರು, ಹೊಡೆದರು. ನೀರುಗಂಟಿ ತೂಬಿನ ಸಲಾಕೆಯನ್ನು ಅಪ್ಪಿ ಹಿಡಿದವನು ಬಿಡಲೇ ಇಲ್ಲ.

ದೊರೆ ಒಣ ಕಾರಂಜಿಯನ್ನು ನೋಡಿ ಹೊರಟುಹೋದನು. ಗೌಡ ಉಂಬಳಿ ಕಿತ್ತುಕೊಂಡನು. ನೀರುಗಂಟಿ ಕೋಲನ್ನು ಹೆಗಲಿಗೇರಿಸಿ, ತಲೆ ತಗ್ಗಿಸದೆ ಊರು ಬಿಟ್ಟನು. ಆಮೇಲೆ ತೂಬನ್ನು ಪೂರ್ತಿ ತೆರೆಯುವ ಧೈರ್ಯ ಗೌಡನಿಗೂ ಬರಲಿಲ್ಲ. ಕೊಳವೆ ಒಡೆಯಲಿಲ್ಲ. "ಒಡೀತೈತಿ ಅಂದಿದ್ದ, ಎಲ್ಲಿ ಒಡೀತು?" ಎಂದು ಊರವರು ನಕ್ಕರು, ಕುಂಬಾರಕೇರಿಯವರೂ ನಕ್ಕರು.

"ಹಾಗಾದರೆ, ಒಳಗೆ ಸುಣ್ಣ ಕಟ್ಟಿತ್ತು ಎಂಬುದಕ್ಕೆ ಸಾಕ್ಷಿಯೇ ಇಲ್ಲವಲ್ಲ?" ಎಂದನು ಶಿಷ್ಯ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಅವನನ್ನು ನಂಬಲು ನಿನಗೆ ಮೂವತ್ತು ಮನೆಯ ಹೆಣ ಬೇಕಿತ್ತೇನಯ್ಯಾ?"