ತಗರದ ಬೇರಿಗೆ ಟಗರಿನ ನಾತ

ಸೂರ್ಯನಿಗೆ ಮುಳುಗುವುದು ಇನ್ನೂ ಸರಿಯಾಗಿ ರೂಢಿಯಾಗಿರದ ಕಾಲ. ನೆನಪಾದ ದಿನ ಮುಳುಗುತ್ತಿದ್ದ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಲೋಕದಲ್ಲಿ ಯಾರಿಗೂ ನಿದ್ದೆಯಿಲ್ಲ. ನಿದ್ದೆಗೆಟ್ಟ ಲೋಕ ಹೇಗಿರುತ್ತೆ ಹೇಳಿ? ಗಾಳಿಗೆ ಸಿಟ್ಟು, ಹೊಳೆಗೆ ಸಿಟ್ಟು, ಹೊಳೆದಂಡೆಯ ಕಲ್ಲಿಗೂ ಸಿಟ್ಟು.

ಕಣ್ಣು ಹತ್ತಬೇಕಾದರೆ ತಗರವೆಂಬ ಗಿಡದ ಬೇರನ್ನು ಕುದಿಸಿ ಕುಡಿಯಬೇಕಿತ್ತು. ಆಗ ಆ ಗಿಡದ ಹೂವೂ ಘಮ, ಬೇರೂ ಘಮ. ಬೀಜ ಕಟ್ಟುವವರೆಗೂ ಕಾಯದೆ ಜನ ಕಿತ್ತರು, ಕಿತ್ತರು, ಕಿತ್ತೇ ಕಿತ್ತರು. ಕೊನೆಗೆ ಬೆಟ್ಟದ ತಪ್ಪಲಲ್ಲಿ, ಹೊಂಬಾಳಮ್ಮನ ಹಿತ್ತಿಲಲ್ಲಿ, ಒಂದೇ ಒಂದು ಪಾತಿ ಉಳಿಯಿತು.

"ಈ ಪಾತಿ ಬೀಜ ಕಟ್ಲೇಬೇಕು. ಇಲ್ಲಾಂದ್ರೆ ಇನ್ನು ತಗರವೇ ಇಲ್ಲ," ಎಂದಿತು ಹೂವಿನ ಮೇಲಿದ್ದ ಜೇನು. "ನನ್ನ ಮಕ್ಕಳಿಗೂ ಈಗ ಬೇರೆ ಹೂವಿಲ್ಲ."

ಹೊಂಬಾಳಮ್ಮ ತಲೆಯಾಡಿಸಿ, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ಸೊಸೆಯನ್ನು ಕೂಗಿದಳು: "ಚಿಕ್ಕತಾಯೀ, ತಗರಾನ ಒಳಗ್ಬಿಟ್ಟು ಭದ್ರವಾಗಿ ಬೇಲಿ ಕಟ್ಟು!"

ಚಿಕ್ಕತಾಯಿ ಕೊಟ್ಟಿಗೆಯ ಟಗರನ್ನು ಎಳೆತಂದು, ಒಳಗೆ ಬಿಟ್ಟು, ಭದ್ರವಾಗಿ ಬೇಲಿ ಕಟ್ಟಿದಳು.

ಹೊಂಬಾಳಮ್ಮ ಬಂದು ನೋಡುವಷ್ಟರಲ್ಲಿ ಉಳಿದದ್ದು ಒಂದೇ ಗಿಡ.

"ಕಿವಿಗೆ ಹತ್ತಿ ಇಟ್ಕೊಂಡಿದ್ದೀಯೇನೇ? ತಗರ ಅಂದ್ರೆ ಟಗರು ಬಿಡ್ತಾರೇನೇ?"

"ಉಗಿದು ಮಾತಾಡಿ ಅತ್ತೆ! ನಾನೇನು ನಿಮ್ಮ ಬಾಯೊಳಗೆ ಕೂತಿದ್ನಾ?"

ಇವರು ಜಗಳಾಡುತ್ತಿದ್ದರೆ ಅತ್ತ ಟಗರು ಕೊನೆಯ ಗಿಡದ ಬುಡ ಕೆರೆಯತೊಡಗಿತು. ಜೇನು ಮೂತಿಗೇ ಕುಟುಕಿತು. ಟಗರು ಕ್ಯಾರೇ ಅನ್ನಲಿಲ್ಲ. ಬೇರಿನ ಘಮ ಹಾಗಿತ್ತು.

ಆಗ ಗಿಡ ನಡುಗಿತು. ಹೆದರಿ ಅಲ್ಲ, ಸಿಟ್ಟಿಗೆ.

"ಹೂವನ್ನ ಜೇನಿಗೆ ಕೊಟ್ಟೆ. ಬೇರನ್ನ ನಿದ್ದೆಯಿಲ್ಲದವರಿಗೆ ಕೊಟ್ಟೆ. ಇಡೀ ಪಾತಿ ತಿಂದ ಮೇಲೂ ನನ್ನ ಬುಡ ಕೆರೀತೀಯೇನೋ? ವಾಸನೆ ಬೇಕಾ ನಿನಗೆ? ತಗೋ, ನಿನ್ನದನ್ನೇ ತಗೋ!"

ಟಗರಿನ ಮೈನಾತವನ್ನು ಗಿಡ ಸರ್ರನೆ ಬೇರಿಗೆ ಹೀರಿಕೊಂಡಿತು. ಟಗರು ಒಮ್ಮೆ ಮೂಸಿತು. ತನ್ನ ನಾತ ತಾನೇ ತಾಳಲಾರದೆ ಬೇಲಿ ಮುರಿದು ಓಡಿತು.

"ಬೇರು ಬೇಕಾದ ನಾವೇನು ಮಾಡ್ಬೇಕು?" ಚಿಕ್ಕತಾಯಿ ಮೆಲ್ಲಗೆ ಕೇಳಿದಳು.

"ಬೀಜ ಉದುರೋವರೆಗೂ ಕಾಯ್ರಿ. ಆಮೇಲೆ ಮೂಗು ಮುಚ್ಕೊಂಡು ಕುಡೀರಿ!"

ಗಿಡದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದಕ್ಕೇ ಮೇಲೆ ತಗರದ ಹೂವಲ್ಲಿ ಜೇನು ನೆಮ್ಮದಿಯಾಗಿ ಗುಂಯ್‌ಗುಡುತ್ತಿದ್ದರೂ, ಕೆಳಗೆ ಬೇರು ಅಗೆದರೆ ಮಾತ್ರ, ಪಕ್ಕದಲ್ಲೇ ಟಗರು ನಿಂತ ಹಾಗೆ ಗಬ್ಬು ಹೊಡೆಯುತ್ತೆ.